ಹನ್ನೆರಡನೆಯ ಪ್ರೋಟೀನು

1948ರ ಅಕ್ಟೋಬರ್ 30ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 107 ಕ್ಷಯರೋಗಿಗಳ ಲೆಕ್ಕ ಪ್ರಕಟವಾಯಿತು. ಎಲ್ಲರೂ ಎಳೆಯ ಪ್ರಾಯದವರು. ಎಲ್ಲರಿಗೂ ಎರಡೂ ಶ್ವಾಸಕೋಶಗಳಲ್ಲಿ ರೋಗ ವೇಗವಾಗಿ ಹಬ್ಬುತ್ತಿತ್ತು. ಅವರಲ್ಲಿ 55 ಮಂದಿಗೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಮದ್ದು ಕೊಟ್ಟಿದ್ದರು, ಉಳಿದ 52 ಮಂದಿಗೆ ಆಗಿನ ರೂಢಿಯಂತೆ ಹಾಸಿಗೆಯ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮದ್ದು ಸಿಕ್ಕವರ ಪೈಕಿ 4 ಮಂದಿ, ಸಿಗದವರ ಪೈಕಿ 14 ಮಂದಿ ತೀರಿಕೊಂಡಿದ್ದರು. ವೈದ್ಯಲೋಕ ಹಿಗ್ಗಿತು. ಐದು ವರ್ಷ ಕಳೆದ ಮೇಲೆ ಅದೇ ರೋಗಿಗಳನ್ನು ಮತ್ತೆ ಲೆಕ್ಕ ಹಾಕಿದಾಗ ಸತ್ತವರ ಸಂಖ್ಯೆ 32 ಮತ್ತು 35 ಆಗಿತ್ತು. ಮದ್ದಿನ ಲಾಭ ಹೆಚ್ಚುಕಡಿಮೆ ಕರಗಿಹೋಗಿತ್ತು. ಚಿಕಿತ್ಸೆ ಶುರುವಾದ ಕೆಲವೇ ತಿಂಗಳಲ್ಲಿ ರೋಗಿಗಳ ಕಫದಲ್ಲಿದ್ದ ಕ್ಷಯಾಣುಗಳು ಸ್ಟ್ರೆಪ್ಟೊಮೈಸಿನ್‌ಗೆ ಜಗ್ಗದಂತಾಗಿದ್ದವು.

ಆ ಅಣುಜೀವಿಯೊಳಗೆ ಬದಲಾದದ್ದು ಏನು? ಇದಕ್ಕೆ ಸ್ಪಷ್ಟ ಉತ್ತರ ಸಿಗಲು 1993ರವರೆಗೆ ಕಾಯಬೇಕಾಯಿತು. ಉತ್ತರ ಹುಡುಕುವ ದಾರಿಯಲ್ಲಿ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಒಂದು ಪುಟ್ಟ ಪ್ರೋಟೀನು. ಅದರ ಜೀನ್ ಕ್ಷಯಾಣುವಿನಲ್ಲಿದೆ, ಹೊಟ್ಟೆಯ ಬ್ಯಾಕ್ಟೀರಿಯಾದಲ್ಲಿದೆ, ರಾಗಿ ಎಲೆಯಲ್ಲಿದೆ, ನೊಣದಲ್ಲಿದೆ, ನಮ್ಮಲ್ಲೂ ಇದೆ. ಜೀವಿಗಳೆಲ್ಲ ಒಂದೇ ಮೂಲದವು ಎಂಬುದಕ್ಕೆ ಡಾರ್ವಿನ್ ಕಾಲದಿಂದ ಎಷ್ಟೋ ಸಾಕ್ಷ್ಯಗಳು ಕೂಡಿಬಂದಿವೆ. ನನ್ನ ಮಟ್ಟಿಗೆ ಈ ಒಂದು ಪ್ರೋಟೀನಿನ ಚರಿತ್ರೆಯಷ್ಟು ಹತ್ತಿರದ ಸಾಕ್ಷ್ಯ ಬೇರೊಂದಿಲ್ಲ, ಏಕೆಂದರೆ ಅದು ನಮ್ಮ ಮನೆಗಳ ರೋಗ ಮತ್ತು ಮದ್ದಿನ ಚರಿತ್ರೆಯೂ ಹೌದು.

ಸ್ಟ್ರೆಪ್ಟೊಮೈಸಿನ್ ಬರುವ ಮೊದಲು ಕ್ಷಯಕ್ಕೆ ಇದ್ದ ಚಿಕಿತ್ಸೆ ಗಾಳಿ, ಬಿಸಿಲು, ಪುಷ್ಟಿಯ ಊಟ ಮತ್ತು ಅದೃಷ್ಟ. ರಾಜಮನೆತನವೂ ಇದರಿಂದ ಪಾರಾಗಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಮತ್ತು ಅವರ ಹೆಣ್ಣುಮಕ್ಕಳು ಕ್ಷಯಕ್ಕೆ ಬಲಿಯಾದರು. ಅವರ ನೆನಪಿಗೆ 1921ರಲ್ಲಿ ಮೈಸೂರಿನಲ್ಲಿ ತಲೆಯೆತ್ತಿದ್ದೇ ಇವತ್ತಿಗೂ ಪಿಕೆಟಿಬಿ ಎಂದು ಕರೆಸಿಕೊಳ್ಳುವ ಆರೋಗ್ಯಧಾಮ. ಅಲ್ಲಿಗೆ ಸೇರಿದ ಎಷ್ಟೋ ಮಂದಿಯ ಪಾಲಿಗೆ ಸ್ಟ್ರೆಪ್ಟೊಮೈಸಿನ್ ಎರಡು ದಶಕ ತಡವಾಗಿ ಬಂತು. ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ 1943ರಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಅದನ್ನು ಬೇರ್ಪಡಿಸಿದ. 1952ರ ನೊಬೆಲ್ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಶಾಟ್ಜ್‌ಗೆ ಅದರಲ್ಲಿ ಪಾಲು ಸಿಗಬೇಕಿತ್ತು ಎಂದು ನಾನು ನಂಬುತ್ತೇನೆ.

ಒಂದೇ ಮದ್ದು ಕೊಟ್ಟರೆ ಕ್ಷಯಾಣು ಪ್ರತಿರೋಧ ಬೆಳೆಸಿಕೊಳ್ಳುತ್ತದೆ, ಪಿಎಎಸ್ ಎಂಬ ಇನ್ನೊಂದು ಮದ್ದನ್ನು ಜೊತೆಗೆ ಕೊಟ್ಟರೆ ಅದು ಬಹಳ ಮಟ್ಟಿಗೆ ತಪ್ಪುತ್ತದೆ ಎಂಬುದು 1950ರ ವೇಳೆಗೆ ತಿಳಿದಿತ್ತು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ, ನೆಹರೂ ಅದನ್ನು ಉದ್ಘಾಟಿಸಿದ್ದು 1960ರ ಸೆಪ್ಟೆಂಬರ್ 16ರಂದು. ಅಲ್ಲಿನವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಲೆದು ಕಲಿತದ್ದರ ಮೇಲೆ 1962ರ ಜಿಲ್ಲಾ ಕ್ಷಯ ಕಾರ್ಯಕ್ರಮ ನಿಂತಿತು. ಸ್ಟ್ರೆಪ್ಟೊಮೈಸಿನ್ ಸೂಜಿ ಆಸ್ಪತ್ರೆಯಿಂದ ಊರೂರಿಗೆ ಬಂತು. ತಿಂಗಳುಗಟ್ಟಲೆ ದಿನವೂ ಚುಚ್ಚಿಸಿಕೊಂಡವರ ಸೊಂಟದ ನೋವು, ತಲೆಸುತ್ತು, ಮಂದವಾದ ಕಿವಿ ನಮ್ಮ ಹಿಂದಿನ ತಲೆಮಾರಿನ ನೆನಪಿನಲ್ಲಿ ಉಳಿದಿವೆ. ಆ ಕಿವಿಯ ವಿಷಯಕ್ಕೆ ಮುಂದೆ ಬರುತ್ತೇನೆ.

ಇತ್ತ ಪ್ರಯೋಗಾಲಯಗಳಲ್ಲಿ ಇನ್ನೊಂದು ಕಥೆ ಬೆಳೆಯುತ್ತಿತ್ತು. 1955ರಲ್ಲಿ ಜಾರ್ಜ್ ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಜೀವಕೋಶದೊಳಗಿನ ಸಣ್ಣ ಕಣಗಳನ್ನು ಗುರುತಿಸಿ ವಿವರಿಸಿದರು. 1958ರಲ್ಲಿ ಅವಕ್ಕೆ ರೈಬೋಸೋಮ್ ಎಂಬ ಹೆಸರು ಬಂತು. ಜೀನ್‌ನ ನಕಲಾದ ಆರ್‌ಎನ್‌ಎ ಎಳೆಯನ್ನು ಮೂರು ಮೂರು ಅಕ್ಷರಗಳಂತೆ ಓದಿ, ಓದಿದ ಪ್ರಕಾರ ಅಮೈನೋ ಆಮ್ಲಗಳನ್ನು ಸಾಲಾಗಿ ಜೋಡಿಸಿ ಪ್ರೋಟೀನ್ ಕಟ್ಟುವುದು ಇವುಗಳ ಕೆಲಸ. ಒಂದೊಂದು ರೈಬೋಸೋಮ್‌ಗೂ ಎರಡು ಭಾಗ, ಚಿಕ್ಕದೊಂದು ದೊಡ್ಡದೊಂದು. ಎರಡರಲ್ಲೂ ಉದ್ದನೆಯ ಆರ್‌ಎನ್‌ಎ ಸುರುಳಿಗಳು, ಅವುಗಳಿಗೆ ಅಂಟಿಕೊಂಡ ಹತ್ತಾರು ಪ್ರೋಟೀನುಗಳು. ಓದುವ ಕೆಲಸ ಚಿಕ್ಕ ಭಾಗದ್ದು. 1964ರಲ್ಲಿ ಜೂಲಿಯನ್ ಡೇವೀಸ್, ವಾಲ್ಟರ್ ಗಿಲ್ಬರ್ಟ್ ಮತ್ತು ಲುಯಿಜಿ ಗೊರಿನಿ ಸ್ಟ್ರೆಪ್ಟೊಮೈಸಿನ್ ಕೆಡಿಸುವುದು ಈ ಓದನ್ನೇ ಎಂದು ತೋರಿಸಿದರು. ಮದ್ದು ಸೇರಿದ ರೈಬೋಸೋಮ್ ಅಕ್ಷರ ತಪ್ಪಿ ಓದಿ ತಪ್ಪು ಅಮೈನೋ ಆಮ್ಲವನ್ನು ಸೇರಿಸುತ್ತದೆ. ಪ್ರತಿರೋಧ ಪಡೆದ ಬ್ಯಾಕ್ಟೀರಿಯಾದ ರೈಬೋಸೋಮ್ ಹಾಗೆ ಎಡವುವುದಿಲ್ಲ.

ಅದಕ್ಕೂ ಮೊದಲೇ, 1947ರಲ್ಲಿ, ಮಿಲ್ಲರ್ ಮತ್ತು ಬೊನ್‌ಹಾಫ್ ವಿಚಿತ್ರವಾದೊಂದನ್ನು ಕಂಡಿದ್ದರು. ಮಿದುಳು ಪೊರೆಯ ಉರಿಯೂತ ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾದ ಒಂದು ತಳಿ ಸ್ಟ್ರೆಪ್ಟೊಮೈಸಿನ್ ಇಲ್ಲದೆ ಬೆಳೆಯುತ್ತಲೇ ಇರಲಿಲ್ಲ. ತನ್ನನ್ನು ಕೊಲ್ಲಬೇಕಾದ ಮದ್ದೇ ಅದಕ್ಕೆ ಊಟದಷ್ಟು ಅಗತ್ಯವಾಗಿತ್ತು. ಆಗ ಯಾರಿಗೂ ಕಾರಣ ಹೊಳೆಯಲಿಲ್ಲ. ಇಂಥ ತಳಿಗಳಲ್ಲಿ ಓದುವ ಯಂತ್ರ ಅತಿ ಬಿಗಿಯಾಗಿರುತ್ತದೆ, ಮದ್ದು ಅದನ್ನು ಅಷ್ಟು ಸಡಿಲಿಸಿದರೇನೇ ಕೆಲಸ ಸಾಗುತ್ತದೆ ಎಂಬುದು ಬಹಳ ಕಾಲದ ಮೇಲೆ ತಿಳಿಯಿತು.

ಈ ಚರಿತ್ರೆಯಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಗೌರವ ಹುಟ್ಟಿಸುವವರು ಮಸಾಯಾಸು ನೊಮುರಾ. ಜಪಾನಿನಲ್ಲಿ ಹುಟ್ಟಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಅವರು ರೈಬೋಸೋಮ್ ಅನ್ನು ಬಿಚ್ಚಿ ಮತ್ತೆ ಕಟ್ಟಿದರು. 1968ರಲ್ಲಿ ಪೀಟರ್ ಟ್ರಾಬ್ ಜೊತೆಗೂಡಿ ಈ. ಕೋಲಿ ಬ್ಯಾಕ್ಟೀರಿಯಾದ ಚಿಕ್ಕ ಭಾಗದಿಂದ ಪ್ರೋಟೀನುಗಳನ್ನೆಲ್ಲ ಕಳಚಿ, ಬರಿಯ ಆರ್‌ಎನ್‌ಎ ಜೊತೆ ಕೊಳವೆಯಲ್ಲಿ ಬೆರೆಸಿ ಬೆಚ್ಚಗಿಟ್ಟರು. ಅವು ತಾವಾಗಿಯೇ ಕೂಡಿಕೊಂಡು ಕೆಲಸ ಮಾಡುವ ಕಣಗಳಾದವು. ಇಷ್ಟು ಜಟಿಲವಾದ ಜೈವಿಕ ಯಂತ್ರ ಹೊರಗಿನ ಯಾವ ಕೈಯೂ ಇಲ್ಲದೆ ತನ್ನನ್ನು ತಾನೇ ಕಟ್ಟಿಕೊಳ್ಳಬಲ್ಲದು ಎಂಬುದು ಅಂದಿನವರಿಗೆ ನಂಬಲು ಕಷ್ಟವಾದ ಸಂಗತಿ.

ಬಿಚ್ಚಿ ಕಟ್ಟುವುದು ಕೈವಶವಾದ ಮೇಲೆ ಬಿಡಿಭಾಗ ಬದಲಿಸುವುದೂ ಸಾಧ್ಯವಾಯಿತು. 1969ರಲ್ಲಿ ಒಜಾಕಿ, ಮಿಜುಶಿಮಾ ಮತ್ತು ನೊಮುರಾ ಸ್ಟ್ರೆಪ್ಟೊಮೈಸಿನ್‌ಗೆ ಮಣಿಯುವ ಈ. ಕೋಲಿಯ ಪ್ರೋಟೀನುಗಳ ನಡುವೆ, ಮಣಿಯದ ತಳಿಯ ಪ್ರೋಟೀನುಗಳನ್ನು ಒಂದೊಂದಾಗಿ ಸೇರಿಸಿ ನೋಡಿದರು. ಉಳಿದವು ಯಾವುವೂ ವ್ಯತ್ಯಾಸ ಮಾಡಲಿಲ್ಲ. ಅವರು ಪಿ10 ಎಂದು ಕರೆದಿದ್ದ ಒಂದೇ ಒಂದು ಪ್ರೋಟೀನು ಬದಲಾದಾಗ ಇಡೀ ರೈಬೋಸೋಮ್ ಮದ್ದಿಗೆ ಜಗ್ಗದಂತಾಯಿತು. 1948ರ ವರದಿಯ ಆ ರೋಗಿಗಳ ಸಾವಿನ ಹಿಂದಿದ್ದ ಕಾರಣದ ಇಷ್ಟು ಹತ್ತಿರಕ್ಕೆ ಯಾರಾದರೂ ಬಂದದ್ದು ಅದೇ ಮೊದಲು.

ನೊಮುರಾ ಇನ್ನೊಂದು ಪ್ರಶ್ನೆಯನ್ನೂ ಕೈಗೆತ್ತಿಕೊಂಡಿದ್ದರು. ಬಿಡಿಭಾಗ ಬೇರೆ ಜೀವಿಯದಾದರೆ? 1968ರಲ್ಲೇ ಅವರ ಗುಂಪು ಈ. ಕೋಲಿಯ ಪ್ರೋಟೀನುಗಳನ್ನು ಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಎಂಬ, ಬಿಸಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಆರ್‌ಎನ್‌ಎ ಜೊತೆ ಬೆರೆಸಿತು. ಒಂದು ನಮ್ಮ ಕರುಳಿನದು, ಇನ್ನೊಂದು ಕೈ ಸುಡುವಷ್ಟು ಬಿಸಿ ತಾಣದ್ದು. ಎರಡರ ವಂಶಗಳು ಬೇರೆಯಾಗಿ ಕಲ್ಪನೆಗೆ ನಿಲುಕದಷ್ಟು ಕಾಲವಾಗಿದೆ. ಆದರೂ ಬೆರಕೆ ರೈಬೋಸೋಮ್ ಕಟ್ಟಿಕೊಂಡಿತು, ಕೆಲಸವನ್ನೂ ಮಾಡಿತು. ಈಸ್ಟ್‌ನ ಆರ್‌ಎನ್‌ಎ ಹಾಕಿದಾಗ ಮಾತ್ರ ಕಟ್ಟಿಕೊಳ್ಳಲಿಲ್ಲ. 1973ರಲ್ಲಿ ಹಿಗೊ ಮತ್ತು ಸಂಗಡಿಗರು ಅದೇ ಪ್ರಯೋಗಾಲಯದಲ್ಲಿ ಇನ್ನೂ ಸೂಕ್ಷ್ಮವಾಗಿ, ಒಂದು ಜೀವಿಯ ಒಂದೊಂದು ಪ್ರೋಟೀನಿಗೂ ಇನ್ನೊಂದು ಜೀವಿಯಲ್ಲಿ ಅದೇ ಕೆಲಸ ಮಾಡುವ ಜೋಡಿ ಯಾವುದು ಎಂದು ಬದಲಿಸಿ ಬದಲಿಸಿ ಗುರುತಿಸಿದರು. ಜೀನ್‌ಗಳ ಅಕ್ಷರ ಓದುವ ವಿಧಾನವೇ ಇನ್ನೂ ಬಂದಿರದ ಕಾಲದಲ್ಲಿ ಜೀವಿಗಳ ನಂಟನ್ನು ಹೀಗೆ ಕೈಯಾರೆ ಪರೀಕ್ಷಿಸಿದರು.

ಆ ಹೊತ್ತಿಗೆ ಹೆಸರಿನ ಗೊಂದಲ ದೊಡ್ಡದಾಗಿತ್ತು. ಮ್ಯಾಡಿಸನ್, ಬರ್ಲಿನ್, ಉಪ್ಸಾಲ, ಜಿನೀವಾ, ಒಂದೊಂದು ಊರಿನ ಪ್ರಯೋಗಾಲಯವೂ ಅದೇ ಪ್ರೋಟೀನಿಗೆ ಬೇರೆ ಹೆಸರಿಟ್ಟಿತ್ತು. 1971ರಲ್ಲಿ ಎಲ್ಲರೂ ಕೂತು ಒಂದೇ ಪಟ್ಟಿ ಮಾಡಿದರು. ಬರ್ಲಿನ್ನಿನ ಹೈನ್ಜ್‌ಗುಂಟರ್ ವಿಟ್‌ಮನ್ ಅವರ ಗುಂಪು ಜೆಲ್ ಹಾಳೆಯ ಮೇಲೆ ಬಿಡಿಸಿಟ್ಟ ಚುಕ್ಕೆಗಳ ಕ್ರಮದಲ್ಲಿ ಚಿಕ್ಕ ಭಾಗದ ಪ್ರೋಟೀನುಗಳಿಗೆ ಎಸ್1ರಿಂದ ಎಸ್21ರವರೆಗೆ ಸಂಖ್ಯೆ ಬಂತು. ಪಿ10 ಆಗಿದ್ದದ್ದು ಎಸ್12 ಆಯಿತು. ಮರುವರ್ಷ ಫುನಾತ್ಸು ಮತ್ತು ವಿಟ್‌ಮನ್ ಅದರ ಅಮೈನೋ ಆಮ್ಲಗಳನ್ನು ಎಣಿಸಿ ಹೋಲಿಸಿದರು. ಸುಮಾರು 124 ಅಮೈನೋ ಆಮ್ಲಗಳ ಆ ಸರಪಳಿಯಲ್ಲಿ ಪ್ರತಿರೋಧದ ಬದಲಾವಣೆಗಳು ಎರಡೇ ಕಡೆ ಕೂಡಿದ್ದವು. ಒಂದು, ಈಗಿನ ಎಣಿಕೆಯಲ್ಲಿ 43ನೆಯ ಸ್ಥಾನದ ಲೈಸೀನ್. ಇನ್ನೊಂದು 88ನೆಯದು.

43ನೆಯ ಆ ಲೈಸೀನ್ ಅನ್ನು ನೆನಪಿನಲ್ಲಿಟ್ಟುಕೊಳ್ಳಿ.

1980ರ ದಶಕದಲ್ಲಿ ಜೀನ್‌ಗಳನ್ನು ಓದುವುದು ಸುಲಭವಾದಾಗ ಎಸ್12 ಯಾರೂ ಹುಡುಕದ ಜಾಗಗಳಲ್ಲಿ ಸಿಗತೊಡಗಿತು. ಹಣ್ಣಿನ ನೊಣದ ಒಂದು ತಳಿಗೆ ತಳಿವಿಜ್ಞಾನಿಗಳು 'ಟೆಕ್ನಿಕಲ್ ನಾಕ್‌ಔಟ್' ಎಂದು ಹೆಸರಿಟ್ಟಿದ್ದರು. ಸಾಕುವ ಸೀಸೆಯನ್ನು ಮೇಜಿಗೆ ಕುಟ್ಟಿದರೆ ಸಾಕು, ಈ ನೊಣಗಳು ಸೆಟೆದು ಬಿದ್ದುಬಿಡುತ್ತಿದ್ದವು. ನರದ ದೋಷವಿರಬೇಕು ಎಂದು ಹೊರಟ ರಾಯ್ಡನ್, ಪಿರೊಟ್ಟಾ ಮತ್ತು ಜಾನ್ 1987ರಲ್ಲಿ ಆ ಜೀನ್ ಓದಿ ನೋಡಿದರೆ ಅದು ಬ್ಯಾಕ್ಟೀರಿಯಾದ ಎಸ್12ರ ಅಣ್ಣತಮ್ಮ! ನೊಣದ ಮೈಟೊಕಾಂಡ್ರಿಯಾದೊಳಗಿನ ರೈಬೋಸೋಮ್‌ಗೆ ಸೇರಿದ್ದು. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು. ತನ್ನ ಓದುವ ಯಂತ್ರವನ್ನು ಅದು ಬಿಟ್ಟುಕೊಟ್ಟಿಲ್ಲ. 2001ರಲ್ಲಿ ಫಿನ್‌ಲೆಂಡಿನ ಹೊವರ್ಡ್ ಜೇಕಬ್ಸ್ ಅವರ ಗುಂಪು ಇದೇ ನೊಣಗಳು ಶಬ್ದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ ಎಂದೂ ತೋರಿಸಿತು.

ಸಸ್ಯಗಳ ಸುಳಿವು ಇನ್ನೂ ಹಳೆಯದು. 1948ರಲ್ಲೇ ಯೂಗ್ಲೀನಾ ಎಂಬ ಹಸಿರು ಏಕಕೋಶಿಗೆ ಸ್ಟ್ರೆಪ್ಟೊಮೈಸಿನ್ ಹಾಕಿದಾಗ ಅದು ಬಿಳಿಚಿಕೊಂಡಿತ್ತು, ಆದರೆ ಸತ್ತಿರಲಿಲ್ಲ. ಮದ್ದು ತಾಗಿದ್ದು ಹಸಿರು ಕಣಗಳಾದ ಕ್ಲೋರೊಪ್ಲಾಸ್ಟ್‌ಗಳಿಗೆ. 1986ರಲ್ಲಿ ಜಪಾನಿನ ಎರಡು ಗುಂಪುಗಳು ಹೊಗೆಸೊಪ್ಪು ಮತ್ತು ಲಿವರ್‌ವರ್ಟ್‌ಗಳ ಕ್ಲೋರೊಪ್ಲಾಸ್ಟ್ ಡಿಎನ್‌ಎ ಪೂರ್ತಿ ಓದಿದಾಗ ಎಸ್12ರ ಜೀನ್ ಅಲ್ಲೂ ಇತ್ತು, ಅದೂ ತುಂಡು ತುಂಡಾಗಿ ದೂರದೂರದಲ್ಲಿ ಹಂಚಿಹೋಗಿ. ಬೇರೆ ಬೇರೆಯಾಗಿ ನಕಲಾದ ಆ ತುಂಡುಗಳನ್ನು ಸಸ್ಯ ಆಮೇಲೆ ಬೆಸೆದುಕೊಳ್ಳುತ್ತದೆ. ಸ್ಟ್ರೆಪ್ಟೊಮೈಸಿನ್‌ಗೆ ಬಿಳಿಚದ ಹೊಗೆಸೊಪ್ಪಿನ ಕೆಲವು ಸಸಿಗಳಲ್ಲಿ ಬದಲಾಗಿದ್ದದ್ದೂ ಇದೇ ಜೀನ್ ಎಂದು ಆ ದಶಕದ ಕೊನೆಗೆ ಗೊತ್ತಾಯಿತು.

ಶಿವಮೊಗ್ಗದ ರಾಗಿಗುಡ್ಡವನ್ನು ಹತ್ತುವವರ ಕಾಲಡಿಯಲ್ಲಿ ಈ ಚರಿತ್ರೆಯೆಲ್ಲ ಹರಡಿಕೊಂಡಿದೆ. ಮಳೆಗಾಲದಲ್ಲಿ ಬಂಡೆಗೆ ಹತ್ತುವ ಹಾವಸೆಯಲ್ಲಿ, ಸಂದುಗಳ ಹುಲ್ಲಿನಲ್ಲಿ, ಆ ಹುಲ್ಲಿನ ಜಾತಿಗೇ ಸೇರಿದ ರಾಗಿಯಲ್ಲಿ, ಹತ್ತುವ ಮನುಷ್ಯನಲ್ಲಿ ಎಸ್12 ಇದೆ. ಹುಲ್ಲಿನ ಎಲೆಯಲ್ಲಿ ಅದು ಮೂರು ಬಗೆಯಾಗಿದೆ: ಜೀವಕೋಶದ ರಸದಲ್ಲಿರುವ ರೈಬೋಸೋಮ್‌ಗೆ ಒಂದು, ಕ್ಲೋರೊಪ್ಲಾಸ್ಟ್‌ಗೆ ಒಂದು, ಮೈಟೊಕಾಂಡ್ರಿಯಾಕ್ಕೆ ಒಂದು. ಮನುಷ್ಯನಲ್ಲಿ ಎರಡು ಬಗೆ.

ಕಿವಿಯ ಮಾತು ಇಲ್ಲಿ ಬರುತ್ತದೆ. 1993ರಲ್ಲಿ ಸ್ಟ್ರೆಪ್ಟೊಮೈಸಿನ್ ಬಳಗದ ಮದ್ದುಗಳಿಂದ ಬೇಗನೆ ಕಿವುಡಾಗುವ ಕೆಲವು ಕುಟುಂಬಗಳಲ್ಲಿ ಕಾರಣ ಸಿಕ್ಕಿತು. ಅವರ ಮೈಟೊಕಾಂಡ್ರಿಯಾ ರೈಬೋಸೋಮ್‌ನ ಆರ್‌ಎನ್‌ಎಯಲ್ಲಿ, 1555ನೆಯ ಸ್ಥಾನದಲ್ಲಿ, ಒಂದು ಅಕ್ಷರ ಬೇರೆಯಾಗಿತ್ತು. ಆ ಬದಲಾವಣೆಯಿಂದ ಆ ಜಾಗ ಬ್ಯಾಕ್ಟೀರಿಯಾದ್ದನ್ನು ಇನ್ನಷ್ಟು ಹೋಲುತ್ತಿತ್ತು, ಬ್ಯಾಕ್ಟೀರಿಯಾಕ್ಕೆಂದು ಕೊಟ್ಟ ಮದ್ದು ರೋಗಿಯ ಒಳಗಿವಿಯ ಕೋಶಗಳನ್ನೂ ಬಿಡುತ್ತಿರಲಿಲ್ಲ. ಈ ದೋಷ ಮೈಟೊಕಾಂಡ್ರಿಯಾದಲ್ಲಿರುವುದರಿಂದ ತಾಯಿಯಿಂದಲೇ ಮಕ್ಕಳಿಗೆ ಬರುತ್ತದೆ. ಸೂಜಿ ಚುಚ್ಚುವ ಮೊದಲು ತಾಯಿಯ ಕಡೆಯಲ್ಲಿ ಯಾರಿಗಾದರೂ ಹೀಗೆ ಕಿವಿ ಹೋಗಿದೆಯೇ ಎಂದು ಕೇಳುವುದಕ್ಕೆ ಖರ್ಚೇನಿಲ್ಲ, ಕೇಳಲೇಬೇಕು.

ಅದೇ 1993ರಲ್ಲಿ ಕ್ಷಯಾಣುವಿನ ಸರದಿಯೂ ಬಂತು. ಪ್ರತಿರೋಧ ತೋರಿದ ರೋಗಿಗಳ ಕಫದಿಂದ ಬೆಳೆಸಿದ ಕ್ಷಯಾಣುಗಳಲ್ಲಿ ಎಸ್12ರ ಜೀನ್ ಓದಿದಾಗ ಬಹಳಷ್ಟರಲ್ಲಿ ಬದಲಾಗಿದ್ದದ್ದು 43ನೆಯ ಲೈಸೀನ್. ಅದರ ಜಾಗದಲ್ಲಿ ಆರ್ಜಿನೀನ್ ಕೂತಿತ್ತು. ಈ. ಕೋಲಿಯಲ್ಲಿ ಎರಡು ದಶಕದ ಹಿಂದೆ ಗುರುತಿಸಿದ್ದ ಅದೇ ಸ್ಥಾನ! ಎಸ್12ರ ಬೇರೆ ಬದಲಾವಣೆಗಳು ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ವೇಗ ತಗ್ಗಿಸುತ್ತವೆ. ಲೈಸೀನ್ ಹೋಗಿ ಆರ್ಜಿನೀನ್ ಬಂದರೆ ಮಾತ್ರ ಅಂಥ ನಷ್ಟವಿಲ್ಲ ಎಂದು 1998ರಲ್ಲಿ ಎರಿಕ್ ಬೊಟ್ಗರ್ ಅವರ ಗುಂಪು ತೋರಿಸಿತು. ರೋಗಿಗಳಲ್ಲಿ ಅದೇ ಮೇಲುಗೈ ಪಡೆದದ್ದು ಹಾಗಾಗಿ. ಮದ್ದು ನಿಲ್ಲಿಸಿದರೂ ಅಂಥ ಕ್ಷಯಾಣು ಹಿಂದೆ ಬೀಳುವುದಿಲ್ಲ.

ಸ್ಟ್ರೆಪ್ಟೊಮೈಸಿನ್ ಆಸ್ಪತ್ರೆಯಲ್ಲೇ ಉಳಿಯಲಿಲ್ಲ. ಟೆಟ್ರಾಸೈಕ್ಲಿನ್ ಬೆರೆಸಿದ ಸ್ಟ್ರೆಪ್ಟೊಸೈಕ್ಲಿನ್ ಪುಡಿಯಾಗಿ ಅದು ಗದ್ದೆ ತೋಟಗಳಿಗೂ ಇಳಿಯಿತು. ಭತ್ತದ ದುಂಡಾಣು ಅಂಗಮಾರಿಗೆ ಅದೇ ಮದ್ದು, ದಾಳಿಂಬೆಯ ದುಂಡಾಣು ಅಂಗಮಾರಿಗೂ ಅದೇ. ಅಮೆರಿಕದ ಸೇಬು ತೋಟಗಳ ಎರ್ವಿನಿಯಾ ಬ್ಯಾಕ್ಟೀರಿಯಾದಲ್ಲಿ 1990ರ ದಶಕದಲ್ಲಿ, ಚೀನಾದ ಭತ್ತದ ಅಂಗಮಾರಿ ಬ್ಯಾಕ್ಟೀರಿಯಾದಲ್ಲಿ ಆಮೇಲೆ, ಸ್ಟ್ರೆಪ್ಟೊಮೈಸಿನ್ ಪ್ರತಿರೋಧದ ಕಾರಣ ಹುಡುಕಿದಾಗ ಅಲ್ಲೂ ಹಲವು ತಳಿಗಳಲ್ಲಿ ಬದಲಾಗಿದ್ದದ್ದು 43ನೆಯ ಲೈಸೀನ್. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಈ ಎರಡು ಮದ್ದುಗಳನ್ನು ಕೃಷಿಯಲ್ಲಿ ನಿಷೇಧಿಸುವ ಕರಡು ಆದೇಶ ಹೊರಡಿಸಿತು. ಆ ಯೋಚನೆ ಹತ್ತಾರು ವರ್ಷ ಮೊದಲೇ ಬರಬೇಕಿತ್ತು.

2000ದಲ್ಲಿ ಚಿತ್ರವೇ ಸಿಕ್ಕಿತು. ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಕೇಂಬ್ರಿಡ್ಜ್‌ನಲ್ಲಿ ತಮ್ಮ ತಂಡದೊಂದಿಗೆ ರೈಬೋಸೋಮ್‌ನ ಚಿಕ್ಕ ಭಾಗದ ಪರಮಾಣು ಪರಮಾಣುವಿನ ನಕ್ಷೆ ತೆಗೆದರು. ಅದರಲ್ಲಿ ಸ್ಟ್ರೆಪ್ಟೊಮೈಸಿನ್ ಕೂತ ಜಾಗವೂ ಕಂಡಿತು. ಆರ್‌ಎನ್‌ಎಯ ನಾಲ್ಕು ಕಡೆ ಹಿಡಿದುಕೊಂಡ ಆ ಮದ್ದು ಎಸ್12ರಲ್ಲಿ ಮುಟ್ಟುತ್ತಿದ್ದದ್ದು ಅದೇ ಲೈಸೀನ್ ಅನ್ನು. ರಾಮಕೃಷ್ಣನ್, ಅಡಾ ಯೋನಾತ್ ಮತ್ತು ಥಾಮಸ್ ಸ್ಟೈಟ್ಜ್ 2009ರ ನೊಬೆಲ್ ಹಂಚಿಕೊಂಡರು. 2002ರಲ್ಲಿ ಫ್ರಾನ್ಸಿನ ಸಂಶೋಧಕರು 66 ಜೀವಿಗಳ ಜೀನ್‌ರಾಶಿ ಹೋಲಿಸಿ, ರೈಬೋಸೋಮ್ ಪ್ರೋಟೀನುಗಳ 102 ಕುಟುಂಬಗಳಲ್ಲಿ 34 ಮಾತ್ರ ಎಲ್ಲ ಜೀವಿಗಳಿಗೂ ಸಾಮಾನ್ಯ ಎಂದು ಲೆಕ್ಕ ಕೊಟ್ಟರು. ಎಸ್12 ಆ 34ರಲ್ಲಿ ಒಂದು.

ಇಷ್ಟೆಲ್ಲ ಹೋಲಿಕೆ ಇದ್ದರೆ ಯಾವ ಜೀವಿಯ ಯಾವ ಭಾಗವನ್ನಾದರೂ ಇನ್ನೊಂದಕ್ಕೆ ಹಾಕಬಹುದೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಆರ್. ರಾವ್ ಮತ್ತು ಉಮೇಶ್ ವಾರ್ಷ್ಣೇಯ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಕೊಟ್ಟ ಉತ್ತರ ಬಹಳ ಅಂದವಾದದ್ದು. ಪ್ರೋಟೀನ್ ಕಟ್ಟಿ ಮುಗಿದರೂ ರೈಬೋಸೋಮ್ ಆರ್‌ಎನ್‌ಎ ಎಳೆಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಬಿಡಿಸಿ ಮುಂದಿನ ಕೆಲಸಕ್ಕೆ ಕಳಿಸಲು ಬ್ಯಾಕ್ಟೀರಿಯಾದಲ್ಲಿ ಎರಡು ಸಹಾಯಕ ಪ್ರೋಟೀನುಗಳಿವೆ: ಆರ್‌ಆರ್‌ಎಫ್ ಮತ್ತು ಇಎಫ್‌ಜಿ. ಬೆಂಗಳೂರಿನವರು ಆರಿಸಿಕೊಂಡದ್ದು ಆರ್‌ಆರ್‌ಎಫ್ ದೋಷವಿದ್ದ ಒಂದು ಈ. ಕೋಲಿ ತಳಿಯನ್ನು. ಕಡಿಮೆ ಉಷ್ಣತೆಯಲ್ಲಿ ಅದು ಬೆಳೆಯುತ್ತದೆ, 42 ಡಿಗ್ರಿಗೆ ಏರಿಸಿದರೆ ನಿಲ್ಲುತ್ತದೆ. ಅದಕ್ಕೆ ಕ್ಷಯಾಣುವಿನ ಆರ್‌ಆರ್‌ಎಫ್ ಜೀನ್ ಕೊಟ್ಟರು. ನೋಟಕ್ಕೆ ಎರಡೂ ಆರ್‌ಆರ್‌ಎಫ್‌ಗಳಲ್ಲಿ ಸಾಕಷ್ಟು ಹೋಲಿಕೆ, ಆದರೂ ಬ್ಯಾಕ್ಟೀರಿಯಾ ಉಳಿಯಲಿಲ್ಲ. ಅದರ ಜೊತೆಗೆ ಕ್ಷಯಾಣುವಿನದೇ ಇಎಫ್‌ಜಿಯನ್ನೂ ಕೊಟ್ಟಾಗ ಬೆಳೆಯಿತು.

ಕ್ಷಯಾಣುವಿನ ಆ ಜೋಡಿ ಈ. ಕೋಲಿಯ ರೈಬೋಸೋಮ್ ಮೇಲೆ ಕೆಲಸ ಮಾಡಿತು, ಆದರೆ ಜೋಡಿಯಾಗಿ ಬಂದಾಗ ಮಾತ್ರ. ರೈಬೋಸೋಮ್ ಪರಕೀಯವೆನಿಸಲಿಲ್ಲ. ಪರಕೀಯವೆನಿಸಿದ್ದು ಜೊತೆಗಾರ. ಕೋಟ್ಯಂತರ ವರ್ಷ ಒಂದರ ಪಕ್ಕ ಒಂದು ಇದ್ದು ಬದಲಾಗುತ್ತ ಬಂದ ಎರಡು ಪ್ರೋಟೀನುಗಳ ನಡುವಿನ ಹೊಂದಾಣಿಕೆ ಇಲ್ಲಿ ಕಣ್ಣಿಗೆ ಕಂಡಿತು. ನೊಮುರಾ ಬೆರಕೆ ಕಟ್ಟಿ ನಂಟು ತೋರಿಸಿದರೆ, ರಾವ್ ಮತ್ತು ವಾರ್ಷ್ಣೇಯ ಆ ನಂಟು ಎಲ್ಲಿ ನಿಲ್ಲುತ್ತದೆಂದು ತೋರಿಸಿದರು. ಕ್ಷಯಕ್ಕೆ ಹೊಸ ಮದ್ದು ಹುಡುಕುವವರಿಗೆ ಬೇಕಾದದ್ದು ಎರಡನೆಯದು. ಎಲ್ಲರಲ್ಲೂ ಇರುವುದಕ್ಕೆ ಗುರಿಯಿಟ್ಟರೆ ರೋಗಿಯ ಮೈಟೊಕಾಂಡ್ರಿಯಾಕ್ಕೂ ಪೆಟ್ಟು, ಕ್ಷಯಾಣುವಿಗೆ ಮಾತ್ರ ವಿಶಿಷ್ಟವಾದ ಹೊಂದಾಣಿಕೆಗೆ ಗುರಿಯಿಟ್ಟರೆ ಅದು ತಪ್ಪಬಹುದು. ಇನ್ನೊಂದು ಸಂಗತಿ: ಇಎಫ್‌ಜಿಯ ಜೀನ್ ಇರುವುದು ಎಸ್12ರ ಸಾಲಿನಲ್ಲೇ. ಮೊದಲು ಎಸ್12, ನಂತರ ಎಸ್7, ಅದರ ಪಕ್ಕ ಇಎಫ್‌ಜಿ. ಈ. ಕೋಲಿಯಲ್ಲೂ ಕ್ಷಯಾಣುವಿನಲ್ಲೂ ಅದೇ ಕ್ರಮ.

2014ರಲ್ಲಿ ಎಲ್ಲ ಜೀವಿಗಳ ರೈಬೋಸೋಮ್ ಪ್ರೋಟೀನುಗಳಿಗೆ ಮತ್ತೊಮ್ಮೆ ಹೊಸ ಹೆಸರಿಟ್ಟರು. ಎಸ್12 ಈಗ ಯುಎಸ್12, ಮೊದಲಿನ 'ಯು' ಎಲ್ಲರಲ್ಲೂ ಇದೆ ಎಂಬುದರ ಗುರುತು. ಅಷ್ಟರವರೆಗೆ ಮನುಷ್ಯನ ಜೀವಕೋಶದ ರಸದಲ್ಲಿರುವ ಇದೇ ಪ್ರೋಟೀನನ್ನು ಆರ್‌ಪಿಎಸ್23 ಎನ್ನುತ್ತಿದ್ದರು. ಅದರಲ್ಲಿ ಬ್ಯಾಕ್ಟೀರಿಯಾದ 43ನೆಯ ಲೈಸೀನ್‌ಗೆ ಎದುರಾಗಿ ನಿಲ್ಲುವುದು 60ನೆಯ ಸ್ಥಾನ, ಅಲ್ಲೂ ಲೈಸೀನ್. ಈಸ್ಟ್, ಹುಳ, ನೊಣ, ಮನುಷ್ಯ ಎಲ್ಲರಲ್ಲೂ ಹಾಗೆಯೇ. ಕುದಿಯುವಷ್ಟು ಬಿಸಿಯಲ್ಲಿ ಬದುಕುವ, ಆರ್ಕಿಯಾ ಎಂಬ ಕೆಲವು ಏಕಕೋಶಿಗಳಲ್ಲಿ ಮಾತ್ರ ಆ ಜಾಗದಲ್ಲಿ ಆರ್ಜಿನೀನ್ ಇದೆ. 2021ರಲ್ಲಿ ಲಂಡನ್ನಿನ ಇವಾನಾ ಬ್ಯೆದೊವ್ ಮತ್ತು ಸಂಗಡಿಗರು ಈಸ್ಟ್, ಹುಳ ಮತ್ತು ಹಣ್ಣಿನ ನೊಣಗಳಲ್ಲಿ ಆ ಒಂದು ಲೈಸೀನ್ ತೆಗೆದು ಆರ್ಜಿನೀನ್ ಇಟ್ಟರು. ಕ್ಷಯಾಣು ಸ್ಟ್ರೆಪ್ಟೊಮೈಸಿನ್ ಎದುರು ಮಾಡಿಕೊಂಡ ಬದಲಾವಣೆಯೇ ಅದು. ಮೂರರಲ್ಲೂ ರೈಬೋಸೋಮ್ ಓದುವಾಗ ಮಾಡುವ ತಪ್ಪುಗಳು ಕಡಿಮೆಯಾದವು, ಮೂರೂ ಹೆಚ್ಚು ಕಾಲ ಬದುಕಿದವು.